ಇಂಜಿನಿಯರ್ ಎಂಬ ಹೆಸರು

ಜಯನಗರದಲ್ಲಿ ನಮ್ಮದೊಂದು ಸಣ್ಣ ಅಡ್ಡರಸ್ತೆ. ಎರಡು ಸಾಲೂ ಸೇರಿ ಇಪ್ಪತ್ತೆರಡು ಮನೆಗಳು. ಕೆಲವು ದಿನಗಳ ಹಿಂದೆ ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ಪಾರ್ಸಲು ತಂದ ಹುಡುಗನೊಬ್ಬ, ಮನೆಯ ನಂಬರು ಮಳೆಗೆ ಅಳಿಸಿಹೋಗಿದ್ದ ವಿಳಾಸವನ್ನು ಹಿಡಿದುಕೊಂಡು ರಸ್ತೆಯ ನಡುವೆ ನಿಂತು, “ಇಂಜಿನಿಯರ್ ಸಾರ್ ಮನೆ ಯಾವುದು?” ಎಂದು ಕೂಗಿದ. ಗೇಟಿನ ಬಳಿ ಪತ್ರಿಕೆ ಓದುತ್ತಿದ್ದ ನಾನು ತಲೆಯೆತ್ತಿದೆ. ಎದುರುಮನೆಯ ಮಹಡಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ಬಗ್ಗಿ ನೋಡಿದರು. ಮೂಲೆಯ ಮನೆಯಿಂದ, ಕಿವಿಗೆ ಫೋನು ಸಿಕ್ಕಿಸಿಕೊಂಡ ತರುಣಿಯೊಬ್ಬಳು ಈಚೆಗೆ ಬಂದಳು. ಹುಡುಗ ನಮ್ಮ ಮೂವರನ್ನೂ ಒಂದು ಸಲ ನೋಡಿ ನಕ್ಕುಬಿಟ್ಟ. ದಕ್ಷಿಣ ಬೆಂಗಳೂರಿನಲ್ಲಿ ‘ಇಂಜಿನಿಯರ ಮನೆ’ ಎಂದು ಗುರುತು ಹೇಳುವುದು, ಮಲೆನಾಡಿನಲ್ಲಿ ‘ಅಡಿಕೆ ಮರದ ಪಕ್ಕದ ಮನೆ’ ಎಂದು ಗುರುತು ಹೇಳಿದ ಹಾಗೆ.

ಪಾರ್ಸಲು ನನ್ನದಾಗಿರಲಿಲ್ಲ. ಆದರೆ ಆ ಹೆಸರು ಮಾತ್ರ ನನ್ನನ್ನು ಹಿಡಿದುಕೊಂಡಿತು. ನಾನು ಬದುಕಿನ ಮೂವತ್ತೈದು ವರ್ಷ ಆ ಹೆಸರಿನಿಂದಲೇ ಸಂಬಳ ತೆಗೆದುಕೊಂಡವನು. ಎದುರುಮನೆಯವರು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳನ್ನು ಮಾಡಿಸಿದವರು. ಮೂಲೆಯ ಮನೆಯ ಹುಡುಗಿ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ, ಗಣಕಯಂತ್ರದೊಳಗಿನ ಕಟ್ಟಡಗಳನ್ನು ಕಟ್ಟುವವಳು. ಮಣ್ಣು, ಉಕ್ಕು, ಅಕ್ಷರ, ಈ ಮೂರರಲ್ಲಿ ಯಾವುದನ್ನು ಮುಟ್ಟಿದರೂ ಹೆಸರು ಒಂದೇ. ಹಾಗಾದರೆ ಈ ಹೆಸರಿನ ಅರ್ಥವೇನು? ಅದನ್ನು ಹೊತ್ತವನು ಯಾರಿಗೆ ಏನನ್ನು ಕೊಡಬೇಕಾದವನು? ನಿವೃತ್ತನಾದವನಿಗೆ ಇಂಥ ಪ್ರಶ್ನೆಗಳಿಗೆ ಬೇಕಾದಷ್ಟು ಸಮಯವಿರುತ್ತದೆ. ನಿಘಂಟುಗಳನ್ನು ಕೆಳಗಿಳಿಸಿ ಧೂಳು ಕೊಡವಿದೆ.

‘ಇಂಜಿನಿಯರ್’ ಎಂದರೆ ಇಂಜಿನ್ ಮಾಡುವವನು ಎಂದು ಬಾಲ್ಯದಲ್ಲಿ ತಿಳಿದಿದ್ದೆ. ರೈಲಿನ ಇಂಜಿನ್ನನ್ನು ಬಿಟ್ಟು ಬೇರೆ ಇಂಜಿನ್ನನ್ನು ಕಂಡಿರದಿದ್ದ ಕಾಲ ಅದು. ಆದರೆ ಪದದ ಬೇರು ಹಬೆಯ ಯುಗಕ್ಕಿಂತ ಬಹಳ ಹಿಂದಿನದು. ಲ್ಯಾಟಿನ್ ಭಾಷೆಯ ‘ಇಂಗೇನಿಯಂ’ ಎಂಬ ಶಬ್ದ ಅದರ ಮೂಲ. ಒಳಗೆ ಹುಟ್ಟಿದ್ದು, ಹುಟ್ಟಿನಿಂದಲೇ ಬಂದದ್ದು, ಎಂದರೆ ಸಹಜವಾದ ಬುದ್ಧಿಶಕ್ತಿ ಎಂದು ಅದರ ಅರ್ಥ. ಅದರೊಳಗಿನ ‘ಗೆನ್’ ಎಂಬ ತುಣುಕು ನಮ್ಮ ‘ಜನ್’ ಧಾತುವಿನ ದಾಯಾದಿ. ನಾವು ಜನ್ಮ, ಜನನ, ಜನ ಎನ್ನುವಾಗ ಅದೇ ಬೇರನ್ನು ಮುಟ್ಟುತ್ತೇವೆ. ಮೊದಲು ಹೆಸರು ಬುದ್ಧಿಗೆ. ಆಮೇಲೆ ಬುದ್ಧಿ ಮಾಡಿದ ಉಪಾಯಕ್ಕೆ. ಆಮೇಲೆ ಉಪಾಯದಿಂದಾದ ಸಾಧನಕ್ಕೆ. ಮಧ್ಯಯುಗದ ಯೂರೋಪಿನಲ್ಲಿ ಅಂಥ ಸಾಧನಗಳಲ್ಲಿ ಎಲ್ಲಕ್ಕಿಂತ ಹೆಸರಾದವು ಕೋಟೆಯ ಗೋಡೆಯ ಮೇಲೆ ಬಂಡೆಗಳನ್ನೆಸೆಯುವ ಕವಣೆಯಂತ್ರಗಳು. ಅವನ್ನು ಕಟ್ಟಿ ನಡೆಸುತ್ತಿದ್ದವನನ್ನು ‘ಇಂಗೇನಿಯಾಟರ್’ ಎಂದರು. ಅವನೇ ಫ್ರಾನ್ಸನ್ನು ಹಾದು ಇಂಗ್ಲೆಂಡಿಗೆ ಬರುವ ಹೊತ್ತಿಗೆ ನಮ್ಮ ಇಂಜಿನಿಯರಾದ. ಎಂದರೆ, ಈ ಹೆಸರಿನ ಮೊದಲ ಒಡೆಯನು ಸೇತುವೆ ಕಟ್ಟಿದವನಲ್ಲ, ಗೋಡೆ ಕೆಡವಿದವನು.

ಇದಕ್ಕಿಂತ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹಳೆಯ ಫ್ರೆಂಚಿನಲ್ಲಿಯೂ ಹಳೆಯ ಇಂಗ್ಲಿಷಿನಲ್ಲಿಯೂ ‘ಎಂಜಿನ್’ ಎಂಬ ಮಾತಿಗೆ ಜಾಣ್ಮೆ ಎಂಬ ಅರ್ಥವಿದ್ದಂತೆ ಮೋಸ, ಹೂಟ, ಬಲೆ ಎಂಬ ಅರ್ಥಗಳೂ ಇದ್ದುವು. ಇಂಗ್ಲಿಷಿನಲ್ಲಿ ಪ್ರಾಣಿ ಹಿಡಿಯುವ ಬೋನಿಗೆ ‘ಜಿನ್’ ಎನ್ನುವುದುಂಟು. ಅದು ‘ಎಂಜಿನ್’ ಎಂಬುದರ ತಲೆ ಹಾರಿಸಿದ ರೂಪವೇ.

ಆಂಗ್ಲರ ಮಾತಿಗೆ ಹೀಗೆ ಎರಡು ನಾಲಗೆ ಎಂದು ನಾವು ನಗುವ ಹಾಗಿಲ್ಲ. ನಮ್ಮ ಕನ್ನಡದಲ್ಲಿ ‘ಮಾಡು’ ಎಂಬ ಕ್ರಿಯಾಪದಕ್ಕಿಂತ ಸಾಧುವಾದದ್ದು ಯಾವುದಿದೆ? ಅಡಿಗೆ ಮಾಡುತ್ತೇವೆ, ಪೂಜೆ ಮಾಡುತ್ತೇವೆ, ಮದುವೆ ಮಾಡುತ್ತೇವೆ. ಆ ‘ಮಾಡು’ವಿನಿಂದ ಹುಟ್ಟಿದ ನಾಮಪದ ‘ಮಾಟ’. ಮಾಟವಾದ ಮೂಗು ಎಂದರೆ ಅಚ್ಚುಕಟ್ಟಾಗಿ ಮಾಡಿದಂಥ ಮೂಗು. ಆದರೆ ‘ಆ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ’ ಎಂದರೆ ಕೇಳಿದವರ ಮುಖ ಬಿಳಿಚಿಕೊಳ್ಳುತ್ತದೆ. ‘ಯಂತ್ರ’ ಎಂಬುದು ಗಿರಣಿಯಲ್ಲಿಯೂ ಇದೆ, ತಾಯಿತದಲ್ಲಿಯೂ ಇದೆ. ‘ತಂತ್ರ’ ಎಂಬುದು ತಾಂತ್ರಿಕ ವಿದ್ಯಾಲಯದಲ್ಲಿಯೂ ಇದೆ, ಕುತಂತ್ರದಲ್ಲಿಯೂ ಇದೆ. ಒಂದು ಭಾಷೆಯಲ್ಲಾದರೆ ಆಕಸ್ಮಿಕವೆನ್ನಬಹುದು. ಸಂಬಂಧವಿಲ್ಲದ ಎರಡು ನಾಡುಗಳ ಜನ, ಮಾಡುವವನನ್ನು ಹೀಗೆ ಒಂದು ಕಣ್ಣಿನಿಂದ ಮೆಚ್ಚಿ ಇನ್ನೊಂದು ಕಣ್ಣಿನಿಂದ ಶಂಕಿಸಿದ್ದಾರೆಂದರೆ ಅದಕ್ಕೆ ಕಾರಣವಿರಬೇಕು.

ಕಾರಣ ಗೂಢವಾದುದಲ್ಲ. ಮಾಡಿದವನಿಗೆ ಮಾಡಿದ ವಸ್ತುವಿನ ಒಳಗು ಗೊತ್ತು, ಬಳಸುವವನಿಗೆ ಗೊತ್ತಿಲ್ಲ. ಛಾವಣಿಯೊಳಗೆ ಎಷ್ಟು ಕಬ್ಬಿಣವಿದೆಯೆಂದು ನಾವು ಯಾರೂ ಅಗೆದು ನೋಡಿ ಮಲಗುವುದಿಲ್ಲ. ಲಿಫ್ಟಿನ ಹಗ್ಗವನ್ನು ಎಳೆದು ನೋಡಿ ಹತ್ತುವುದಿಲ್ಲ. ಹೀಗೆ ಒಬ್ಬನ ಅರಿವಿನ ಮೇಲೆ ಇನ್ನೊಬ್ಬನ ನಂಬಿಕೆ ಮಲಗಿರುವಾಗ, ಆ ಅರಿವು ಸೇವೆಯಾಗುವುದೂ ಸುಲಭ, ಮೋಸವಾಗುವುದೂ ಸುಲಭ.

ಈ ಹೆಸರು ಮರ್ಯಾದಸ್ಥವಾದದ್ದು ಹದಿನೆಂಟನೆಯ ಶತಮಾನದಲ್ಲಿ. ಸಮುದ್ರದ ಬಂಡೆಯ ಮೇಲೆ ಎಡಿಸ್ಟನ್ ದೀಪಸ್ತಂಭವನ್ನು 1759ರಲ್ಲಿ ನಿಲ್ಲಿಸಿದ ಜಾನ್ ಸ್ಮೀಟನ್ ತನ್ನನ್ನು ‘ಸಿವಿಲ್’ ಇಂಜಿನಿಯರ್ ಎಂದು ಕರೆದುಕೊಂಡ. ನಾನು ಸೈನ್ಯದವನಲ್ಲ, ನಾಗರಿಕರವನು ಎಂಬುದು ಅದರ ಇಂಗಿತ. 1771ರಲ್ಲಿ ಅವನೂ ಅವನ ಗೆಳೆಯರೂ ಸೇರಿ ಆ ಹೆಸರಿನಲ್ಲಿ ಒಂದು ಸಂಘವನ್ನೂ ಕಟ್ಟಿಕೊಂಡರು. ನಮ್ಮ ಊರಿನಲ್ಲಿ ಈ ತಿರುವು ಇನ್ನೂ ತಡವಾಗಿ ಬಂತು. 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನೂ 1882ರ ಸ್ಯಾಂಕಿ ಕೆರೆಯನ್ನೂ ನಮಗೆ ಬಿಟ್ಟುಹೋದ ರಿಚರ್ಡ್ ಸ್ಯಾಂಕಿ ಮದರಾಸು ಇಂಜಿನಿಯರುಗಳ ದಳದ ಸೈನ್ಯಾಧಿಕಾರಿ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರಿಂದಾಗಿ ಆ ಹೆಸರು ಕನ್ನಡಿಗರ ಮನೆಮಾತಾಯಿತು. ಕೃಷ್ಣರಾಜಸಾಗರ, 1917ರಲ್ಲಿ ಬೆಂಗಳೂರಿನಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜು, ಇವುಗಳಾದ ಮೇಲೆ ನಮ್ಮ ತಾಯಂದಿರು ಮಗನನ್ನು ತೊಟ್ಟಿಲಲ್ಲಿಯೇ ಇಂಜಿನಿಯರು ಮಾಡತೊಡಗಿದರು. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ವಿದ್ವಾಂಸರ ಒಂದು ಸಭೆ ‘ಸಾಫ್ಟ್‌ವೇರ್ ಇಂಜಿನಿಯರಿಂಗ್’ ಎಂಬ ಮಾತನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು. ಗಣಕಗಳಿಗೆ ಬರೆಯುವ ಆದೇಶಗಳಲ್ಲಿಯೂ ಸೇತುವೆ ಕಟ್ಟುವವನ ಶಿಸ್ತು ಬೇಕೆಂಬುದು ಅವರ ಹಂಬಲ. ಅದರ ಫಲವೇ ಇಂದು ಬೆಳಿಗ್ಗೆ ಬಿ.ಟಿ.ಎಂ. ಬಡಾವಣೆಯಲ್ಲಿ ಬಸ್ಸಿಗೆ ನಿಂತಿರುವ ಸಾಲು.

ಇಷ್ಟು ಪಾಂಡಿತ್ಯವನ್ನು ಪ್ರದರ್ಶಿಸಿದ ಮೇಲೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅದಕ್ಕಾಗಿಯೇ ಈ ಲೇಖನವನ್ನು ಪ್ರಾರಂಭಿಸಿದೆನೆಂದು ತೋರುತ್ತದೆ.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಕೆಲಸಕ್ಕೆ ಸೇರಿ ನನಗೆ ಮೂರು ವರ್ಷವಾಗಿತ್ತು. ಊರಿನ ದಕ್ಷಿಣಕ್ಕೆ ಹೊಸದಾಗಿ ಎದ್ದ ಬಡಾವಣೆಯೊಂದರಲ್ಲಿ ಮಳೆನೀರಿನ ಚರಂಡಿಯ ಕೆಲಸ ನಡೆದಿತ್ತು. ಬೆಂಗಳೂರು ದಿಣ್ಣೆಯ ಮೇಲೆ ಕುಳಿತಿರುವ ಊರು. ಬನಶಂಕರಿಯ ಪಡುವಲ ಇಳಿಜಾರಿನಲ್ಲಿ ಬಿದ್ದ ಹನಿ ವೃಷಭಾವತಿಯನ್ನು ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಮಡಿವಾಳದ ಕಡೆ ಬಿದ್ದ ಹನಿ ಬೆಳ್ಳಂದೂರು ಕೆರೆಯ ದಾರಿಯಾಗಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಡುವೆ ಇದ್ದ ಕೆರೆಗಳೆಷ್ಟೋ ಹೆಸರಿನಲ್ಲಿ ಮಾತ್ರ ಉಳಿದುವು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಅಡಗಿವೆಯೆಂದೂ, ಆ ತಾವರೆಕೆರೆ ಎಂಬ ಹೆಸರಿನಲ್ಲಿ ಒಂದು ಕೆರೆ ಇದೆಯೆಂದೂ ಎಷ್ಟು ಮಂದಿಗೆ ನೆನಪಿದೆ? ಆದರೆ ನೀರಿಗೆ ಮರೆವಿಲ್ಲ. ಅದು ತಗ್ಗನ್ನು ಕೇಳಿಕೊಂಡು ಹೋಗುತ್ತದೆ.

ಚರಂಡಿಯ ನಡುಭಾಗದಲ್ಲಿ ಸುಮಾರು ಮೂವತ್ತು ಮೀಟರು ಬಂಡೆ ಸಿಕ್ಕಿತು. ನಕ್ಷೆಯ ಪ್ರಕಾರ ಅದನ್ನು ಕಡಿದು ತಳವನ್ನು ಇಳಿಸಬೇಕಾಗಿತ್ತು. ಅಳತೆ ಪುಸ್ತಕದಲ್ಲಿ ದಾಖಲು ಮಾಡುವ ದಿನ ನಾನು ಮೊದಲ ತುದಿಯನ್ನು ಅಳೆದೆ, ಕೊನೆಯ ತುದಿಯನ್ನು ಅಳೆದೆ. ನಡುವೆ ಹಲಗೆಗಳು ಹಾಸಿದ್ದುವು, ಕೆಸರಿತ್ತು, ಬಿಸಿಲು ಏರಿತ್ತು. ಕಲ್ಲು ಒಡೆಯುವ ಗುಂಪಿನ ಹಿರಿಯ, ಅರವತ್ತು ದಾಟಿದ ಮೇಸ್ತ್ರಿ, ಹತ್ತಿರ ಬಂದು ಮೆಲ್ಲಗೆ, “ಸ್ವಾಮಿ, ಒಂದು ಸಲ ಇಳಿದು ನೋಡಿ. ಇಲ್ಲಿ ನೀರು ನಿಂತ್ಕೊಳ್ತದೆ” ಎಂದ. ನಾನು ನಕ್ಷೆಯನ್ನು ಬಿಡಿಸಿ ಅವನಿಗೆ ತೋರಿಸಿದೆ. ಓದು ಬಾರದವನಿಗೆ ನಕ್ಷೆ ತೋರಿಸಿದ ನನ್ನ ಉದ್ದೇಶವೇನಿತ್ತೆಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅವನಿಗೆ ತಿಳಿಯಲೆಂದು ಅಲ್ಲ, ಅವನು ಸುಮ್ಮನಾಗಲೆಂದು. ಅವನು ಸುಮ್ಮನಾದ. ನಾನು ಮಧ್ಯದ ಅಂಕಿಗಳನ್ನು ಎರಡು ತುದಿಗಳ ಲೆಕ್ಕದಿಂದ ತುಂಬಿ ರುಜು ಮಾಡಿದೆ. ಒಂದು ಕಾಸನ್ನೂ ಯಾರಿಂದಲೂ ತೆಗೆದುಕೊಳ್ಳಲಿಲ್ಲ. ಬಹುಕಾಲ ಅದೇ ನನ್ನ ಸಮಾಧಾನವಾಗಿತ್ತು.

ಆ ವರ್ಷ ಭಾದ್ರಪದದಲ್ಲಿ ಒಂದು ರಾತ್ರಿ ಜೋರು ಮಳೆ ಹೊಡೆಯಿತು. ಬಂಡೆಯ ಬಳಿ ನೀರು ಎದೆಕೊಟ್ಟು ನಿಂತು ಪಕ್ಕದ ಓಣಿಗೆ ತಿರುಗಿತು. ಎಂಟು ಮನೆಗಳಿಗೆ ನುಗ್ಗಿತು. ಪ್ರಾಣಹಾನಿಯೇನೂ ಆಗಲಿಲ್ಲ. ಬೆಳಿಗ್ಗೆ ನಾನು ಹೋದಾಗ ಹೆಂಗಸೊಬ್ಬಳು ಒದ್ದೆ ರಾಗಿಯನ್ನು ಚಾಪೆಯ ಮೇಲೆ ಹರಡಿ, ರೇಷನ್ ಕಾರ್ಡನ್ನು ಬಿಸಿಲಿಗಿಟ್ಟು ಮೇಲೊಂದು ಕಲ್ಲು ಹೇರುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು, “ಇಂಜಿನಿಯರು ಬಂದ್ರು” ಎಂದು ಒಳಗಿನವರಿಗೆ ಹೇಳಿ ಒಂದು ಮಣೆ ಹಾಕಿದಳು. “ನೀವು ಬಂದ್ರಲ್ಲ, ಇನ್ನು ಸರಿ ಹೋಗ್ತದೆ ಬಿಡಿ” ಎಂದಳು. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಆಕೆ ಆ ಹೆಸರನ್ನು ನಂಬಿದ್ದಳು. ಅದು ನನ್ನದೇ ರುಜುವಿನ ಕೆಲಸವೆಂದು ನಾನು ಹೇಳಲಿಲ್ಲ. ಮಣೆಯ ಮೇಲೆ ಕುಳಿತೆ.

ಮುಂದೆ ಬಂಡೆಯನ್ನು ಕಡಿಸಲಾಯಿತು. ಅಷ್ಟರಲ್ಲಿ ನನಗೆ ಮಾಮೂಲು ವರ್ಗವಾಗಿತ್ತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಇದನ್ನು ಮಿತ್ರರೊಬ್ಬರಿಗೆ ಹೇಳಿದಾಗ ಅವರು ಹಗುರವಾಗಿ ನಕ್ಕು, “ನಿಮ್ಮದು ಅತಿಯಾಯಿತು. ಗುತ್ತಿಗೆದಾರನಿಲ್ಲವೆ? ಮೇಲಧಿಕಾರಿಯಿಲ್ಲವೆ? ತಗ್ಗಿನಲ್ಲಿ ನಿವೇಶನ ಹಂಚಿದವರಿಲ್ಲವೆ? ಪ್ರತಿಯೊಬ್ಬನೂ ಪ್ರತಿಯೊಂದಕ್ಕೂ ತಾನೇ ಹೊಣೆಯೆಂದು ಕೊರಗುತ್ತ ಕುಳಿತರೆ ಊರಿನಲ್ಲಿ ಒಂದು ಗೋಡೆಯೂ ಏಳುವುದಿಲ್ಲ” ಎಂದರು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಇಂದಿನ ಕೆಲಸಗಳು ನೂರು ಕೈಗಳ ಕೆಲಸಗಳು. ಮೂಲೆಯ ಮನೆಯ ಹುಡುಗಿ ಬರೆಯುವ ಹತ್ತು ಸಾಲು ಸಾವಿರಾರು ಜನರ ಲಕ್ಷಾಂತರ ಸಾಲುಗಳ ನಡುವೆ ಸೇರುತ್ತದೆ. ಅದರಿಂದ ಎಲ್ಲಿಯೋ ಯಾರಿಗೋ ಸಾಲ ಸಿಕ್ಕದೆ ಹೋದರೆ ಹೊಣೆ ಯಾರದು? ಹೊಣೆಯನ್ನು ನೂರು ಪಾಲು ಮಾಡಿದರೆ ಒಬ್ಬೊಬ್ಬನ ಪಾಲಿಗೆ ಬರುವುದು ಧೂಳಿನಷ್ಟು, ಊದಿದರೆ ಹಾರಿಹೋಗುತ್ತದೆ. ಆದರೆ ಓಣಿಗೆ ನುಗ್ಗಿದ ನೀರು ಪಾಲಾಗಲಿಲ್ಲ. ಅದು ಇಡಿಯಾಗಿಯೇ ನುಗ್ಗಿತು.

ಮಿತ್ರರ ವಾದದಲ್ಲಿ ನನಗೆ ಕಾಣುವ ತೊಡಕು ಇದು. ಹೊಣೆಯೆಂದರೆ ಆದ ನಷ್ಟದಲ್ಲಿ ಪಾಲು ಎಂದು ಅವರು ತಿಳಿದಿದ್ದಾರೆ. ಆ ಲೆಕ್ಕ ನ್ಯಾಯಾಧೀಶನಿಗೆ ಬೇಕು. ಮಾಡುವವನಿಗೆ ಬೇಕಾದ ಪ್ರಶ್ನೆ ಬೇರೆ: ನನಗೆ ಮಾತ್ರ ಕಾಣುವಂಥ ಜಾಗದಲ್ಲಿ ನಾನು ನೋಡಿದೆನೆ? ಮೇಲಧಿಕಾರಿಗೆ ಆ ಮೂವತ್ತು ಮೀಟರು ಕಾಣುತ್ತಿರಲಿಲ್ಲ. ಓಣಿಯವರಿಗೆ ಕಂಡರೂ ಅರ್ಥವಾಗುತ್ತಿರಲಿಲ್ಲ. ಆ ದಿನ ಆ ಗಳಿಗೆಯಲ್ಲಿ ನೋಡಬಲ್ಲವನು, ನೋಡಿದ್ದನ್ನು ಬರೆಯಬಲ್ಲವನು ನಾನೊಬ್ಬನೇ. ಆ ಪಾಲು ನೂರರಲ್ಲೊಂದಲ್ಲ, ಪೂರ್ತಿ ನನ್ನದು. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಮ್ಮ ಗಾದೆ. ನಮ್ಮ ವೃತ್ತಿಯ ವಿಚಿತ್ರವೆಂದರೆ, ಮಾಡುವವನೊಬ್ಬ, ಉಣ್ಣುವವನು ಇನ್ನೊಬ್ಬ. ಆ ಕಾರಣದಿಂದಲೇ ಇಲ್ಲಿ ಗಾದೆಯ ಕಾವಲು ಸಾಲದು.

ಕೆನಡಾ ದೇಶದಲ್ಲಿ 1907ರಲ್ಲಿ ಕ್ವಿಬೆಕ್ ನಗರದ ಬಳಿ ಕಟ್ಟುತ್ತಿದ್ದ ಸೇತುವೆ ಕುಸಿದು 75 ಜನ ಕೆಲಸಗಾರರು ಸತ್ತರು. ಉಕ್ಕು ಬಾಗುತ್ತಿದೆಯೆಂಬುದು ಸ್ಥಳದಲ್ಲಿದ್ದವರ ಕಣ್ಣಿಗೆ ಮೊದಲೇ ಬಿದ್ದಿತ್ತು. ಕೆಲಸ ನಿಲ್ಲಿಸುವ ಮಾತು ಸಕಾಲದಲ್ಲಿ ಮುಟ್ಟಲಿಲ್ಲ. ಆ ದೇಶದ ಇಂಜಿನಿಯರುಗಳು 1925ರಿಂದ ಒಂದು ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ಓದು ಮುಗಿಸಿದವರು ಪ್ರತಿಜ್ಞೆ ಮಾಡಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರವೊಂದನ್ನು ಹಾಕಿಕೊಳ್ಳುತ್ತಾರೆ. ಬಿದ್ದ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನು ಮಾಡಿದರೆಂಬುದು ಬರಿಯ ಕತೆ. ಆದರೆ ನಕ್ಷೆ ಬರೆಯುವಾಗ ಕಾಗದಕ್ಕೆ ತಗಲುವಂತೆ ಆ ಬೆರಳಿನಲ್ಲಿ ಆ ಉಂಗುರವಿದೆ ಎಂಬುದು ನಿಜ.

ನಮ್ಮಲ್ಲಿ ಅಂಥದೇ ಒಂದು ಕತೆ ಜಕಣಾಚಾರಿಯದು. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಅಪರಿಚಿತ ಹುಡುಗನೊಬ್ಬ ಹೇಳಿದ. ಇದ್ದರೆ ಬಲಗೈಯನ್ನು ಕಡಿದುಕೊಳ್ಳುತ್ತೇನೆಂದು ಜಕಣ ಪಣತೊಟ್ಟ. ಮೈಗೆಲ್ಲ ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟರೆ ನೀರೂ ಕಪ್ಪೆಯೂ ಹೊರಬಂದುವು. ಹುಡುಗ ಅವನ ಮಗನೇ ಆಗಿದ್ದ. ಮುಂದೆ ಕೈ ಮತ್ತೆ ಬಂದ ಊರು ತುಮಕೂರಿನ ಬಳಿಯ ಕೈದಾಳವಾಯಿತೆಂದು ಹೇಳುತ್ತಾರೆ. ಇದು ಐತಿಹ್ಯ, ಇತಿಹಾಸವಲ್ಲ. 1117ರ ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ತಾವೇ ಕೊರೆದಿಟ್ಟ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಆ ‘ಓಜ’ ಎಂಬುದು ಉಪಾಧ್ಯಾಯ ಎಂಬುದರ ತದ್ಭವ. ಮಾಡುವವನೂ ಕಲಿಸುವವನೂ ಒಂದೇ ಹೆಸರಿನವರಾಗಿದ್ದರು. ಹೆಸರನ್ನು ಕಲ್ಲಿನ ಮೇಲೆ ಕೊರೆಯುವುದು ಕೀರ್ತಿಯ ಆಸೆಯಿಂದ ಎನ್ನುತ್ತೇವೆ. ದೋಷ ಕಂಡರೆ ಯಾರನ್ನು ಕರೆಯಬೇಕೆಂಬುದಕ್ಕೂ ಅದು ವಿಳಾಸವಲ್ಲವೆ?

ಚಿಕ್ಕಂದಿನಲ್ಲಿ ನನಗೆ ಆ ಕತೆಯಲ್ಲಿ ಕಡಿದ ಕೈ ದೊಡ್ಡದಾಗಿ ಕಾಣುತ್ತಿತ್ತು. ಈಗ ಅದು ಅಷ್ಟು ಹಿಡಿಸುವುದಿಲ್ಲ. ತಪ್ಪಿದವನು ಕೈ ಕಡಿದುಕೊಂಡರೆ ಊರಿಗೇನು ಲಾಭ? ಕೈಯಿದ್ದರಲ್ಲವೆ ಸರಿಪಡಿಸುವುದು? ಆ ಮಟ್ಟಿಗೆ ಕೆನಡಾದವರ ಉಂಗುರ ಮೇಲು. ಈಗ ನನಗೆ ದೊಡ್ಡದಾಗಿ ಕಾಣುವುದು ಗಂಧ ಬಳಿಯಲು ಜಕಣ ಒಪ್ಪಿದನಲ್ಲ, ಆ ಗಳಿಗೆ. ಹೆಸರಾಂತ ಶಿಲ್ಪಿ, ಎದುರಿಗಿರುವವನು ಗುರುತಿಲ್ಲದ ಹುಡುಗ. ‘ನೀನು ಯಾರು ಕೇಳುವುದಕ್ಕೆ’ ಎಂದು ಗದರಿಸಿ ಕಳಿಸಬಹುದಾಗಿತ್ತು. ಕೋಪದಿಂದಲೋ ಅಭಿಮಾನದಿಂದಲೋ, ಅಂತೂ ಪರೀಕ್ಷೆಗೆ ಒಪ್ಪಿದ. ನನ್ನ ಪಾಲಿನ ಹುಡುಗ ಅರವತ್ತು ದಾಟಿದ ಮುದುಕನಾಗಿ ಬಂದಿದ್ದ. ನಾನು ಗಂಧ ಬಳಿಯಲು ಬಿಡಲಿಲ್ಲ, ನಕ್ಷೆ ತೋರಿಸಿದೆ.

ನಮ್ಮ ಸರ್ಕಾರಿ ಫಲಕಗಳಲ್ಲಿ ಇಂಜಿನಿಯರನನ್ನು ‘ಅಭಿಯಂತರ’ ಎಂದು ಬರೆಯುತ್ತಾರೆ. ಆ ಮಾತನ್ನು ನಾವು ಕಚೇರಿಯಲ್ಲಿ ಬಹಳ ಗೇಲಿ ಮಾಡುತ್ತಿದ್ದೆವು. ನಿಘಂಟನ್ನು ನೋಡಿದ ಮೇಲೆ ಗೇಲಿ ನಿಂತಿತು. ಯಂತ್ರವೆಂಬುದು ‘ಯಮ್’ ಎಂಬ ಧಾತುವಿನಿಂದ ಬಂದದ್ದು. ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿಡುವುದು ಎಂದು ಅರ್ಥ. ಸಂಯಮ, ನಿಯಮಗಳೂ ಅದೇ ಮನೆಯವು. ಸಂಸ್ಕೃತದಲ್ಲಿ ‘ಯಂತೃ’ ಎಂದರೆ ಕಡಿವಾಣ ಹಿಡಿದ ಸಾರಥಿ. ಅಮೆರಿಕದಲ್ಲಿ ರೈಲು ನಡೆಸುವವನನ್ನು ಇಂದಿಗೂ ಇಂಜಿನಿಯರ್ ಎನ್ನುತ್ತಾರೆ. ಅರಿಯದೆಯೇ ಅವರು ನಮ್ಮ ಅರ್ಥಕ್ಕೆ ಹತ್ತಿರ ಬಂದಿದ್ದಾರೆ. ಲ್ಯಾಟಿನ್ ಹೆಸರು ನಮಗೆ ಬುದ್ಧಿ ಹುಟ್ಟಿನಿಂದ ಬಂತೆಂದು ಹೊಗಳುತ್ತದೆ. ಸಂಸ್ಕೃತದ ಹೆಸರು, ಕೈಯಲ್ಲಿ ಹಗ್ಗವಿದೆ, ಹಿಂದೆ ಜನ ಕುಳಿತಿದ್ದಾರೆ ಎಂದು ಎಚ್ಚರಿಸುತ್ತದೆ. ಎರಡೂ ಬೇಕು. ಮೊದಲನೆಯದನ್ನು ನಮ್ಮ ಕಾಲೇಜುಗಳು ಪರೀಕ್ಷೆ ಮಾಡುತ್ತವೆ. ಎರಡನೆಯದಕ್ಕೆ ಪರೀಕ್ಷೆ ಬರುವುದು ಇಂಥ ಬಿಸಿಲೇರಿದ ಮಧ್ಯಾಹ್ನಗಳಲ್ಲಿ, ಯಾರೂ ನೋಡದಿರುವಾಗ.

ಮೊನ್ನೆ ನಮ್ಮ ಪಕ್ಕದ ಹಳೆಯ ಮನೆಯನ್ನು ಕೆಡವಿದ ನಿವೇಶನದಲ್ಲಿ ತಳಪಾಯ ತೆಗೆಯುತ್ತಿದ್ದರು. ಇಪ್ಪತ್ತೈದರ ಪ್ರಾಯದ ಇಂಜಿನಿಯರೊಬ್ಬ ಗುಂಡಿಯ ಅಂಚಿನಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದ. ಕೆಳಗಿನಿಂದ ಒಬ್ಬ ಮೇಸ್ತ್ರಿ ಏನನ್ನೋ ಹೇಳಿದ. ಹುಡುಗ ಕೈಸನ್ನೆ ಮಾಡಿ ಸುಮ್ಮನಿರಿಸಿದ. ಮೇಸ್ತ್ರಿ ಇನ್ನೊಂದು ಸಲ ಹೇಳಿದ. ಕಾಂಪೌಂಡಿನ ಈಚೆ ನಿಂತಿದ್ದ ನನಗೆ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡಿತೆಂದರೆ ಓದುಗರು ನಗಬಾರದು. ಹುಡುಗ ಫೋನನ್ನು ಜೇಬಿಗೆ ಹಾಕಿದ, ಬೂಟು ಬಿಚ್ಚಿಟ್ಟು ಪ್ಯಾಂಟು ಮಡಿಸಿ ಏಣಿ ಹಿಡಿದು ಕೆಳಗಿಳಿದ. ಮೇಸ್ತ್ರಿ ಹೇಳಿದ್ದು ಸರಿಯೊ ತಪ್ಪೊ ನನಗೆ ಕೇಳಿಸಲಿಲ್ಲ. ಇಬ್ಬರೂ ಬಹಳ ಹೊತ್ತು ಗುಂಡಿಯಲ್ಲಿ ಬಗ್ಗಿ ಏನನ್ನೋ ನೋಡುತ್ತಿದ್ದರು. ನಾನು ಒಳಗೆ ಬಂದು ನಿಘಂಟುಗಳನ್ನು ಮತ್ತೆ ಮೇಲಕ್ಕೆ ಇಟ್ಟೆ.